ಜಪಾನ್, ಟಾಟಾ ಸಿಲ್ಕ್ ಫಾರ್ಮ್ ಮತ್ತು ಯಲಹಂಕದ ನಮ್ಮನೆ ಮಗ್ಗ

ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ, ಇವತ್ತು ಸ್ವಲ್ಪ ದೂರ ಹೋಗೋದಿದೆ. ಯಲಹಂಕದಿಂದ ಹೊರಟು ಜಪಾನಿನ ಕ್ಯೋಟೋ, ಅಲ್ಲಿಂದ ಫ್ರಾನ್ಸಿನ ಲಿಯೋನ್, ಕೊನೆಗೆ ವಾಪಸ್ ನಮ್ಮ ಬಸವನಗುಡಿ. ಟಿಕೆಟ್ ಬೇಡ, ಅರ್ಧ ಗಂಟೆ ಟೈಮ್ ಕೊಟ್ರೆ ಸಾಕು.

ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತೋರಿಗೆ ಒಂದು ಹೆಸರು ಬಾಯಿಪಾಠ ಆಗಿರುತ್ತೆ. ಪ್ಲಾಟ್‌ಫಾರ್ಮಿನ ಬೋರ್ಡಲ್ಲಿ ಬರುತ್ತೆ, ರೈಲಿನ ಹಣೆ ಮೇಲೂ ಇರುತ್ತೆ: ರೇಷ್ಮೆ ಸಂಸ್ಥೆ. ದಕ್ಷಿಣದ ತುದಿಯ ಕೊನೇ ನಿಲ್ದಾಣ. ನಾನು ಎರಡು ವರ್ಷ ದಿನಾ ಆ ರೈಲಲ್ಲೇ ಜಯನಗರಕ್ಕೆ ಕೆಲಸಕ್ಕೆ ಹೋಗಿದ್ದೀನಿ. ಅದು ಯಾವ ಸಂಸ್ಥೆ, ಅಲ್ಲಿ ಏನು ಮಾಡ್ತಾರೆ ಅಂತ ಒಂದು ದಿನವೂ ಯೋಚನೆ ಮಾಡಿಲ್ಲ. ಸಿಲ್ಕ್ ಬೋರ್ಡ್ ಅಂದ್ರೂ ಅಷ್ಟೇ ಅಲ್ವಾ? ನಮಗೆ ನೆನಪಾಗೋದು ಟ್ರಾಫಿಕ್. ಅಲ್ಲೊಂದು ಕೇಂದ್ರ ರೇಷ್ಮೆ ಮಂಡಳಿ ಇದೆ, ಅದಕ್ಕೇ ಆ ಜಂಕ್ಷನ್‌ಗೆ ಆ ಹೆಸರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನೇಕಾರರ ಮನೆ ಮಗಳಾಗಿ ಇದನ್ನ ಹೇಳೋಕೆ ನನಗೆ ನಾಚಿಕೆ ಆಗುತ್ತೆ. ನಮ್ಮದು ಯಲಹಂಕ. ಅಪ್ಪ ಪವರ್‌ಲೂಮಲ್ಲಿ ರೇಷ್ಮೆ ಸೀರೆ ನೇಯ್ತಾರೆ. ನಾನು ಹೈಸ್ಕೂಲಲ್ಲಿದ್ದಾಗ ಮನೆ ಹಿಂದಿನ ಶೆಡ್ಡಲ್ಲಿ ಆರು ಮಗ್ಗ ಇತ್ತು. ಈಗ ಎರಡು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಕೂತು ಕಂಡಿಕೆ ಸುತ್ತಿದ್ದೀನಿ, ನನಗೆ ಗೊತ್ತಿರೋ ನೇಯ್ಗೆ ಅಷ್ಟೇ. ಆಮೇಲೆ ಬಿಕಾಂ, ಆಮೇಲೆ ಅಕೌಂಟ್ಸ್ ಕೆಲಸ, ಆಮೇಲೆ ಈ ಪಾಡ್‌ಕಾಸ್ಟ್.

ಹೋದ ವರ್ಷ ಕಾಲೇಜಿನ ಗೆಳತಿಯೊಬ್ಬಳು ಒಂದು ಲಿಂಕ್ ಕಳಿಸಿದಳು. ಹತ್ತು ಜನರ ತಂಡ, ಹನ್ನೆರಡು ದಿನ, ಜಪಾನ್. ಸುಮ್ಮನೆ ಊರು ನೋಡೋ ಟೂರ್ ಅಲ್ಲ, ಕೈಕೆಲಸ ಕಲಿಯೋ ಟೂರ್. ಕ್ಯೋಟೋದಲ್ಲಿ ನೇಯ್ಗೆ, ತೊಕುಶಿಮಾದಲ್ಲಿ ನೀಲಿ ಗಿಡದ ಬಣ್ಣ, ನಗೋಯದ ಅರಿಮಾತ್ಸುವಿನಲ್ಲಿ ಶಿಬೋರಿ. ಶಿಬೋರಿ ಅಂದ್ರೆ ಬಟ್ಟೆಯನ್ನ ದಾರದಲ್ಲಿ ಬಿಗಿಯಾಗಿ ಕಟ್ಟಿ, ಹೊಲಿದು, ಇಲ್ಲಾ ಮಡಚಿ ಬಣ್ಣಕ್ಕೆ ಅದ್ದೋದು. ಕಟ್ಟಿದ ಕಡೆ ಬಣ್ಣ ಹತ್ತಲ್ಲ, ಬಿಚ್ಚಿದಾಗ ವಿನ್ಯಾಸ ಕಾಣುತ್ತೆ. ಗುಜರಾತಿನ ಬಾಂಧನಿ ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಆ ಜಾತಿ ಕೆಲಸ. "ನೀನೂ ಬಾರೇ" ಅಂದಳು. ಖರ್ಚು ನೋಡಿದೆ. ನನ್ನ ಆರು ತಿಂಗಳ ಸಂಬಳ.

ಆದ್ರೂ ಆಸೆ. ರಾತ್ರಿ ಶೆಡ್ಡಿಗೆ ಹೋಗಿ ಅಪ್ಪಂಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿ ಹಾಸಿನಲ್ಲಿ ಕಿತ್ತುಹೋಗಿದ್ದ ಎಳೆ ಹುಡುಕ್ತಾ ಇದ್ರು. ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರೋ ನೂಲು, ಹೊಕ್ಕು ಅಂದ್ರೆ ಅಡ್ಡಡ್ಡ ಹೋಗೋ ನೂಲು. ತಲೆ ಎತ್ತದೇ ಕೇಳಿದ್ರು: "ಹೋಗ್ಬಾ, ಬೇಡ ಅನ್ನಲ್ಲ. ಕಲ್ತು ಬಂದು ಏನ್ ಮಾಡ್ತೀಯಾ ಪುಟ್ಟಿ?"

ವ್ಯಂಗ್ಯ ಇರಲಿಲ್ಲ ಆ ಮಾತಲ್ಲಿ. ನಿಜವಾಗ್ಲೂ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿನ ಕಂತು ಹುಟ್ಟಿದ್ದು ಅಲ್ಲಿ. ಹಿಂದೆ ಹೀಗೆ ಊರು ಬಿಟ್ಟು, ಸಣ್ಣ ಗುಂಪು ಕಟ್ಕೊಂಡು, ಬಟ್ಟೆ ಕೆಲಸ ಕಲಿಯೋಕೆ ದೂರ ಹೋದೋರು ಯಾರು? ಕಲ್ತು ಬಂದು ಏನ್ ಮಾಡಿದ್ರು?

ಮೊದಲ ತಂಡ: ಇಬ್ಬರು

ನಮ್ಮ ಕಡೆಯ ಕಥೆಯಿಂದಲೇ ಶುರು ಮಾಡೋಣ. ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ಗಟ್ಟಿಯಾಗಿ ಬಂದಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1786ರಲ್ಲಿ ಆತ ಶ್ರೀರಂಗಪಟ್ಟಣದ ಕೋಟೆ ಅಧಿಕಾರಿಗೆ ಬರೆಸಿದ ಒಂದು ಪತ್ರ ಇಂಗ್ಲಿಷ್ ಅನುವಾದದಲ್ಲಿ ಉಳಿದಿದೆ. ರೇಷ್ಮೆ ಹುಳು ತರೋಕೆ ಬಂಗಾಳಕ್ಕೆ ಹೋಗಿದ್ದ ಇಬ್ಬರು ವಾಪಸ್ ಬರ್ತಿದ್ದಾರೆ, ಅವರಲ್ಲಿ ಒಬ್ಬನ ಹೆಸರು ಕಸ್ತೂರಿ ರಂಗ. ಹುಳುಗಳಿಗೆ ಯಾವ ಜಾಗ ಸರಿ, ಮೇವಿಗೆ ಏನು ವ್ಯವಸ್ಥೆ ಬೇಕು ಅನ್ನೋದನ್ನ ಅವರನ್ನೇ ಕೇಳಿ ತಿಳ್ಕೊಂಡು ಸಿದ್ಧ ಮಾಡು ಅನ್ನೋದು ಪತ್ರದ ಸಾರಾಂಶ.

ನನಗೆ ಇಷ್ಟವಾಗಿದ್ದು ಆ "ಅವರನ್ನೇ ಕೇಳು" ಅನ್ನೋ ಮಾತು. ಹುಳುವನ್ನ ಬುಟ್ಟಿಯಲ್ಲಿ ತರಬಹುದು. ಅದನ್ನ ಸಾಕೋದು ಹೇಗೆ ಅನ್ನೋದು ಬುಟ್ಟಿಯಲ್ಲಿ ಬರಲ್ಲ, ಹೋಗಿ ನೋಡಿ ಬಂದವರ ಜೊತೆನೇ ಬರಬೇಕು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತೆ.

ಎರಡನೇ ತಂಡ: ಮೂವರು

ಈಗ ಜಪಾನಿಗೆ ಹೋಗೋಣ. ಕ್ಯೋಟೋ ನಗರದಲ್ಲಿ ನಿಶಿಜಿನ್ ಅಂತ ಒಂದು ಪ್ರದೇಶ ಇದೆ. ನೂರಾರು ವರ್ಷಗಳಿಂದ ನೇಕಾರರ ಕೇರಿ. ಅರಮನೆಗೆ, ಶ್ರೀಮಂತರಿಗೆ ಜರಿ-ರೇಷ್ಮೆಯ ಭಾರೀ ಬಟ್ಟೆ ಅಲ್ಲಿಂದಲೇ ಹೋಗ್ತಿತ್ತು. 1868ರಲ್ಲಿ ಜಪಾನಿನಲ್ಲಿ ಆಡಳಿತ ಬದಲಾಯ್ತು. ಚಕ್ರವರ್ತಿ ಕ್ಯೋಟೋ ಬಿಟ್ಟು ಟೋಕಿಯೋಗೆ ಹೋದ. ಆಸ್ಥಾನದವರು ಹಿಂದೆಯೇ ಹೋದ್ರು. ನಿಶಿಜಿನ್‌ಗೆ ಗಿರಾಕಿನೇ ಇಲ್ಲ. ಒಂದು ಊರಿನ ನೇಕಾರರ ದೊಡ್ಡ ಗಿರಾಕಿ ರಾತ್ರೋರಾತ್ರಿ ಊರು ಬಿಟ್ರೆ ಏನಾಗುತ್ತೆ ಯೋಚನೆ ಮಾಡಿ.

1872ರಲ್ಲಿ ಕ್ಯೋಟೋ ಆಡಳಿತ ಮೂವರನ್ನ ಹಡಗು ಹತ್ತಿಸಿ ಫ್ರಾನ್ಸಿನ ಲಿಯೋನ್‌ಗೆ ಕಳಿಸಿತು. ಸಕುರ ತ್ಸುನೆಶಿಚಿ, ಇನೋವೆ ಇಹೆಯ್, ಯೋಶಿದ ಚೂಶಿಚಿ. ಲಿಯೋನ್ ಆಗ ಯುರೋಪಿನ ರೇಷ್ಮೆ ನೇಯ್ಗೆಯ ದೊಡ್ಡ ಊರು. ಅಲ್ಲಿ ಅವರು ಕಲಿಯಬೇಕಾಗಿದ್ದು ಮುಖ್ಯವಾಗಿ ಜಕಾರ್ಡ್.

ಜಕಾರ್ಡ್ ಗೊತ್ತಿಲ್ಲದವರಿಗೆ ಒಂದು ನಿಮಿಷ. ಸೀರೆಯಲ್ಲಿ ಹೂವು, ನವಿಲು, ಮಾವಿನಕಾಯಿ ಬರಬೇಕು ಅಂದ್ರೆ ಹಾಸಿನ ಸಾವಿರಾರು ಎಳೆಗಳಲ್ಲಿ ಪ್ರತಿ ಸಲ ಯಾವುದು ಮೇಲೆ ಏಳಬೇಕು, ಯಾವುದು ಕೆಳಗೇ ಇರಬೇಕು ಅನ್ನೋದು ನಿರ್ಧಾರ ಆಗಬೇಕು. ಹಿಂದೆ ಮಗ್ಗದ ಮೇಲೆ ಒಬ್ಬರು ಕೂತು ಕೈಯಲ್ಲಿ ಎಳೆಗಳನ್ನ ಎತ್ತುತ್ತಿದ್ರು. ಲಿಯೋನ್‌ನ ಜೋಸೆಫ್ ಮರಿ ಜಕಾರ್ಡ್ 1800ರ ದಶಕದ ಆರಂಭದಲ್ಲಿ ಆ ಕೆಲಸವನ್ನ ರಟ್ಟಿನ ಕಾರ್ಡುಗಳಿಗೆ ಒಪ್ಪಿಸಿದ. ಕಾರ್ಡಿನಲ್ಲಿ ತೂತು ಇದ್ದ ಕಡೆ ಎಳೆ ಏಳುತ್ತೆ, ಇಲ್ಲದ ಕಡೆ ಏಳಲ್ಲ. ಮುಂದೆ ಕಂಪ್ಯೂಟರಿಗೆ ಮಾಹಿತಿ ತುಂಬೋಕೆ ಬಂದ ತೂತಿನ ಕಾರ್ಡುಗಳ ಮೂಲವೂ ಇದೇ. ನಮ್ಮ ಶೆಡ್ಡಲ್ಲಿ ಮಗ್ಗದ ತಲೆ ಮೇಲೆ ಆ ಕಾರ್ಡುಗಳ ಸರ ಸುತ್ತುತ್ತಾ ಇರೋದನ್ನ ನೋಡ್ಕೊಂಡೇ ಬೆಳೆದವಳು ನಾನು. ಹಳೇ ಕಾರ್ಡಿನ ಖಾಲಿ ಜಾಗದಲ್ಲಿ ಲೆಕ್ಕ ಮಾಡಿದ್ದೀನಿ. ಅದು ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ.

ಸಕುರ ಮತ್ತು ಇನೋವೆ 1873ರಲ್ಲಿ ಜಕಾರ್ಡ್ ಯಂತ್ರಗಳ ಸಮೇತ ವಾಪಸ್ ಬಂದ್ರು. ಯೋಶಿದ ಇನ್ನಷ್ಟು ಕಲಿಯೋಕೆ ಅಲ್ಲೇ ಉಳಿದ. 1874ರ ಮಾರ್ಚಿನಲ್ಲಿ ಅವನು ಬರ್ತಿದ್ದ ಫ್ರೆಂಚ್ ಹಡಗು ನೀಲ್, ಜಪಾನಿನ ಇಜು ತೀರದ ಹತ್ರ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಮನೆ ಇನ್ನೇನು ಬಂತು ಅನ್ನೋವಾಗ ಯೋಶಿದ ನೀರುಪಾಲಾದ. ಕಲಿತಿದ್ದಷ್ಟೂ ಅವನ ಜೊತೆಗೇ ಹೋಯ್ತು.

ಆದ್ರೆ ಉಳಿದ ಇಬ್ಬರು ಕೇರಿಯ ಬೇರೆಯವರಿಗೆ ಕಲಿಸಿದ್ರು. 1877ರಲ್ಲಿ ಅರಾಕಿ ಕೊಹೆಯ್ ಅನ್ನೋ ಕಸುಬುದಾರ ಫ್ರೆಂಚ್ ಯಂತ್ರ ನೋಡ್ಕೊಂಡು ಮರದಲ್ಲೇ ಜಪಾನಿ ಜಕಾರ್ಡ್ ಮಾಡಿದ. ಹೋಗಿದ್ದು ಮೂರೇ ಜನ, ವಿಷಯ ಗೊತ್ತಿದ್ದವರು ಇಬ್ಬರೇ ಉಳಿದ್ರು. ಐದು ವರ್ಷದಲ್ಲಿ ಹೊರಗಿನ ಯಂತ್ರ ಅವರ ಕೇರಿಯಲ್ಲೇ ತಯಾರಾಯ್ತು. ಯಾಕೆ ಸಾಧ್ಯ ಆಯ್ತು? ಅವರು ಮೊದಲೇ ನೇಕಾರರು. ವಾಪಸ್ ಬಂದಾಗ ಅವರಿಗೋಸ್ಕರ ಒಂದು ಇಡೀ ಕೇರಿ ಕಾಯ್ತಾ ಇತ್ತು, ರಿಪೇರಿಗೆ ಬಡಗಿ ಇದ್ದ, ನೂಲು ಬಿಡಿಸೋರಿದ್ರು, ಬಣ್ಣ ಹಾಕೋರಿದ್ರು.

ಮೂರನೇ ತಂಡ: ಹದಿನಾರು ಹುಡುಗಿಯರು

ಅದೇ 1872ರಲ್ಲಿ ಜಪಾನ್ ಸರ್ಕಾರ ತೊಮಿಯೋಕ ಅನ್ನೋ ಊರಲ್ಲಿ ದೊಡ್ಡ ನೂಲು ಬಿಚ್ಚಾಣಿಕೆ ಗಿರಣಿ ತೆರೆಯಿತು. ರೇಷ್ಮೆ ಗೂಡನ್ನ ಬಿಸಿನೀರಲ್ಲಿ ಹಾಕಿ ಎಳೆ ತೆಗೆಯೋ ಕೆಲಸ. 300 ಹೆಣ್ಣುಮಕ್ಕಳು ಒಟ್ಟಿಗೆ ಕೂತು ಮಾಡೋವಷ್ಟು ದೊಡ್ಡದು. ಪಾಲ್ ಬ್ರೂನಾ ಅನ್ನೋ ಫ್ರೆಂಚನನ್ನ ಕರೆಸಿದ್ರು, ಕಲಿಸೋಕೆ ಫ್ರೆಂಚ್ ಹೆಂಗಸರನ್ನೂ ಕರೆಸಿದ್ರು.

ಆದ್ರೆ ಕಲಿಯೋಕೆ ಯಾರೂ ಬರಲಿಲ್ಲ! ಫ್ರೆಂಚರು ಕೆಂಪು ವೈನ್ ಕುಡಿಯೋದನ್ನ ನೋಡಿ, ಅವರು ಹುಡುಗಿಯರ ರಕ್ತ ಕುಡೀತಾರೆ ಅಂತ ಸುದ್ದಿ ಹಬ್ಬಿತ್ತು. ಅವತ್ತಿನ ವಾಟ್ಸಾಪ್ ಫಾರ್ವರ್ಡ್ ಅಂದ್ಕೊಳ್ಳಿ. ಕೊನೆಗೆ ಗಿರಣಿಯ ಮುಖ್ಯಸ್ಥ ಒದಾಕ ಅತ್ಸುತದ ತನ್ನ ಮಗಳನ್ನೇ ಮೊದಲು ಸೇರಿಸಬೇಕಾಯ್ತು.

1873ರಲ್ಲಿ ಮತ್ಸುಶಿರೋ ಅನ್ನೋ ಊರಿಂದ ಸುಮಾರು ಹದಿನಾರು ಹುಡುಗಿಯರ ತಂಡ ಅಲ್ಲಿಗೆ ಹೊರಟಿತು. ಅವರಲ್ಲಿ ಒಬ್ಬಳು ವದಾ ಎಯ್, ಹದಿನೈದು-ಹದಿನಾರು ವರ್ಷದವಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ಕಲಿತು, 1874ರಲ್ಲಿ ಊರಿಗೆ ವಾಪಸ್ ಬಂದ್ರು. ಊರಲ್ಲಿ ಆಗಷ್ಟೇ ಕಟ್ಟಿದ್ದ ಸಣ್ಣ ಗಿರಣಿಯಲ್ಲಿ ಅವರೇ ಟೀಚರ್. ವಯಸ್ಸಾದ ಮೇಲೆ ಎಯ್ ಆ ದಿನಗಳ ನೆನಪು ಬರೆದಳು, ಅದರಿಂದ ನಮಗೆ ಇಷ್ಟು ಗೊತ್ತಾಗಿದೆ. ಜಪಾನಿನ ಮೂಲೆಮೂಲೆಯಿಂದ ಹೀಗೆ ಹುಡುಗಿಯರು ಬಂದು, ಕಲಿತು, ತಮ್ಮ ತಮ್ಮ ಊರಿಗೆ ಹೋಗಿ ಕಲಿಸಿದ್ರು. 1909ರ ಹೊತ್ತಿಗೆ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಪಾನ್ ಚೀನಾವನ್ನೂ ಹಿಂದೆ ಹಾಕಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂತು.

ಇದರಲ್ಲಿ ಬರೀ ಹೆಮ್ಮೆಯಿಲ್ಲ ಅನ್ನೋದನ್ನೂ ಹೇಳ್ಬೇಕು. ಮುಂದೆ ಬಂದ ಖಾಸಗಿ ಗಿರಣಿಗಳಲ್ಲಿ ಬಡ ಹಳ್ಳಿಯ ಹುಡುಗಿಯರು ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ದುಡಿದ್ರು. ಎಷ್ಟೋ ಜನ ಕ್ಷಯ ಹತ್ತಿಸ್ಕೊಂಡು ಊರಿಗೆ ಮರಳಿದ್ರು. ಜಪಾನಿನ ಆ ನಂಬರ್ ಒನ್ ಸ್ಥಾನದ ಬೆಲೆ ಕೊಟ್ಟೋರು ಅವರು.

ನಾಲ್ಕನೇ ತಂಡ: ಬೆಂಗಳೂರಿಗೆ ಬಂದ ದಂಪತಿ

ಈಗ ಊರಿಗೆ ಬರೋಣ. 19ನೇ ಶತಮಾನದ ನಡುವಲ್ಲಿ ಮೈಸೂರು ರೇಷ್ಮೆಗೆ ರೋಗ ಬಿತ್ತು. ಯುರೋಪಿನ ರೇಷ್ಮೆ ಹುಳುಗಳೂ ಆಗ ರೋಗದಿಂದ ಸಾಯ್ತಿದ್ವು. 1860ರ ದಶಕದಲ್ಲಿ ಡಿ ವೆಕ್ಕಿ ಅನ್ನೋ ಇಟಲಿಯವನು ಬೆಂಗಳೂರು ಸೀಮೆಯ ರೇಷ್ಮೆಯನ್ನ ಎತ್ತಿ ನಿಲ್ಲಿಸೋಕೆ ಜಪಾನಿನಿಂದ ಹುಳುವಿನ ಮೊಟ್ಟೆ ತರಿಸಿದ. ಸ್ವಲ್ಪ ದಿನ ಎಲ್ಲರಿಗೂ ಆಸೆ ಹುಟ್ಟಿತು, ಆದ್ರೆ ರೋಗ ಹೋಗಲಿಲ್ಲ. ಕಸ್ತೂರಿ ರಂಗನ ಪಾಠ ನೆನಪಿದೆಯಲ್ಲ? ಮೊಟ್ಟೆ ಬಂತು. ಆ ಮೊಟ್ಟೆ ಬೆಳೆಸಿ ಗೊತ್ತಿದ್ದ ಕೈಗಳು ಬರಲಿಲ್ಲ.

ಆ ಕೈಗಳು ಬಂದಿದ್ದು ಸುಮಾರು ಮೂವತ್ತು ವರ್ಷ ಆದ್ಮೇಲೆ. ತರಿಸಿದ್ದು ಜೆಮ್‌ಶೆಡ್‌ಜಿ ಟಾಟಾ. ನಮ್ಮ ಯಶವಂತಪುರದ ಪಕ್ಕದಲ್ಲೇ ಇರೋ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಐಐಎಸ್ಸಿ, ಅದು ಅವರ ಕನಸು ಅಂತ ಎಲ್ಲರಿಗೂ ಗೊತ್ತು. ಅದು ಶುರುವಾಗಿದ್ದು 1909ರಲ್ಲಿ, ಅವರು ತೀರಿಕೊಂಡು ಐದು ವರ್ಷ ಆದ್ಮೇಲೆ. ಅದಕ್ಕೂ ಮೊದಲು, ಅವರು ಬದುಕಿದ್ದಾಗಲೇ ಬೆಂಗಳೂರಿನಲ್ಲಿ ಶುರು ಮಾಡಿದ್ದು ರೇಷ್ಮೆ ಫಾರ್ಮ್.

ಟಾಟಾ 1893ರಲ್ಲಿ ಜಪಾನಿಗೆ ಹೋಗಿದ್ರು. ಹೋಗಿದ್ದು ಹಡಗು ವ್ಯವಹಾರಕ್ಕೆ. ಅಲ್ಲಿಂದ ಅಮೆರಿಕ ಖಂಡದ ಕಡೆಗೆ ಹೊರಟಾಗ ಅದೇ ಹಡಗಿನಲ್ಲಿ ಸ್ವಾಮಿ ವಿವೇಕಾನಂದರೂ ಇದ್ರು, ಆ ಕಥೆ ನೀವು ಕೇಳಿರ್ತೀರಿ. ಜಪಾನಿನ ರೇಷ್ಮೆ ಉದ್ಯಮ ಎಷ್ಟು ಎತ್ತರಕ್ಕೆ ಹೋಗ್ತಿದೆ ಅನ್ನೋದು ಅವರ ಕಣ್ಣಿಗೆ ಬಿದ್ದಿತ್ತು. 1890ರ ದಶಕ ಮುಗಿಯೋ ಹೊತ್ತಿಗೆ, ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಮೈಸೂರು ಸರ್ಕಾರ ಜಾಗ ಮತ್ತು ವರ್ಷವರ್ಷ ಸಹಾಯಧನ ಕೊಟ್ಟಿತು. ಬಸವನಗುಡಿ ಕಡೆ ಫಾರ್ಮ್ ಎದ್ದಿತು. ಅದನ್ನ ನಡೆಸೋಕೆ ಜಪಾನಿನಿಂದ ಗಂಡ ಹೆಂಡತಿ ಇಬ್ಬರು ಬಂದ್ರು. ಓಡ್ಜು ದಂಪತಿ.

ಇಲ್ಲಿ ದಿಕ್ಕು ಬದಲಾಯ್ತು ನೋಡಿ. ಲಿಯೋನ್‌ಗೆ ಮೂವರು ಕಲಿಯೋಕೆ ಹೋದ್ರು. ಬೆಂಗಳೂರಿಗೆ ಇಬ್ಬರು ಕಲಿಸೋಕೆ ಬಂದ್ರು. ಹೋಗೋ ಟಿಕೆಟ್ ಖರ್ಚು ಹಾಕೋ ಬದಲು ಟಾಟಾ ಬರೋ ಟಿಕೆಟ್ ಖರ್ಚು ಹಾಕಿದ್ರು. ಅಕೌಂಟ್ಸ್ ಓದಿದವಳಾಗಿ ಹೇಳ್ತೀನಿ, ಲೆಕ್ಕ ಸರಿಯಾಗಿದೆ. ಹತ್ತು ಜನ ಅಲ್ಲಿಗೆ ಹೋಗಿ ಹನ್ನೆರಡು ದಿನ ನೋಡೋದಕ್ಕಿಂತ ಇಬ್ಬರು ಇಲ್ಲಿಗೆ ಬಂದು ವರ್ಷಗಟ್ಟಲೆ ಇದ್ರೆ, ನಮ್ಮ ಹವೆಯಲ್ಲಿ, ನಮ್ಮ ಮಣ್ಣಿನ ಹಿಪ್ಪುನೇರಳೆ ಸೊಪ್ಪಿನಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅನ್ನೋದು ಅವರಿಗೂ ಗೊತ್ತಾಗುತ್ತೆ.

ಫಾರ್ಮಿನಲ್ಲಿ ಏನು ಕಲಿಸ್ತಿದ್ರು? ಹಿಪ್ಪುನೇರಳೆ ಬೆಳೆಸೋದು, ಹುಳು ಸಾಕೋದು, ಗೂಡಿನಿಂದ ಸಮನಾದ ನೂಲು ಬಿಚ್ಚೋದು. ಎಲ್ಲಕ್ಕಿಂತ ಮುಖ್ಯ, ಸೂಕ್ಷ್ಮದರ್ಶಕದಲ್ಲಿ ಚಿಟ್ಟೆ ಪರೀಕ್ಷೆ. ಇದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1860ರ ದಶಕದಲ್ಲಿ ರೂಪಿಸಿದ ಪದ್ಧತಿ. ರೇಷ್ಮೆ ಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತೆ. ಹಾಗಾಗಿ ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡ್ರೆ ಆ ಚಿಟ್ಟೆಯ ಮೊಟ್ಟೆ ಪೂರ್ತಿ ನಾಶ. ಕಾಣದಿದ್ರೆ ಆ ಮೊಟ್ಟೆ ಮಾತ್ರ ರೈತನಿಗೆ. ಇವತ್ತಿಗೂ ಬಿತ್ತನೆ ಮೊಟ್ಟೆ ತಯಾರಿಸೋ ಕಡೆ ಈ ಪರೀಕ್ಷೆ ಇಲ್ಲದೆ ಕೆಲಸ ನಡೆಯಲ್ಲ.

ಟಾಟಾ 1904ರಲ್ಲಿ ತೀರಿಕೊಂಡ್ರು. 1910ರ ಸುಮಾರಿಗೆ ಫಾರ್ಮ್ ಸಾಲ್ವೇಶನ್ ಆರ್ಮಿಯವರ ಕೈಗೆ ಹೋಯ್ತು. 1912ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರೇಷ್ಮೆ ನೇಯ್ಗೆ ಕಾರ್ಖಾನೆ ಶುರು ಮಾಡಿದ್ರು, ಅದೇ ಇವತ್ತಿನ ಮೈಸೂರ್ ಸಿಲ್ಕ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸರ್ಕಾರದ್ದೇ ರೇಷ್ಮೆ ಇಲಾಖೆ ಬಂತು, ಚನ್ನಪಟ್ಟಣದ ಫಾರ್ಮಿಗೆ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಬಂದ್ರು. ವಿಶ್ವೇಶ್ವರಯ್ಯನವರೂ 1898ರಷ್ಟು ಹಿಂದೆಯೇ ಜಪಾನ್ ನೋಡಿ ಬಂದಿದ್ದವರು ಅನ್ನೋದನ್ನ ಮರೀಬೇಡಿ. ಬಸವನಗುಡಿಯ ಫಾರ್ಮ್ ಒಂದೇ ಎಲ್ಲ ಮಾಡಿತು ಅಂತ ನಾನು ಹೇಳ್ತಿಲ್ಲ. ಆದ್ರೆ ರೋಗವಿಲ್ಲದ ಮೊಟ್ಟೆ, ಕಲಿತ ಕೈ, ಎರಡೂ ಜೊತೆಯಲ್ಲೇ ಬೇಕು ಅನ್ನೋದನ್ನ ನಮ್ಮೂರಲ್ಲಿ ಮಾಡಿ ತೋರಿಸಿದ್ದು ಅದು.

ಐದನೇ ತಂಡ: ಮೈಸೂರಿಗೆ ಬಂದ ಜಪಾನಿಗರು, ಜಪಾನಿಗೆ ಹೋದ ಮೈಸೂರಿಗರು

ಈಗ ನೇರವಾಗಿ 1991ಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿಂದ ಕಥೆ ನಮ್ಮ ಶೆಡ್ಡಿಗೆ ತಾಗುತ್ತೆ.

ನಮ್ಮ ಹಳೇ ಮೈಸೂರು ದೇಶೀ ತಳಿಯ ಗೂಡಿದೆಯಲ್ಲ, ಅದು ಹಸಿರು ಮಿಶ್ರಿತ ಹಳದಿ. ಬಿಸಿಲು, ರೋಗ ತಡೆಯುತ್ತೆ, ವರ್ಷಪೂರ್ತಿ ಬೆಳೆ ಬರುತ್ತೆ. ಆದ್ರೆ ಒಂದು ಗೂಡಿಂದ ಸಿಗೋ ಎಳೆ ಸುಮಾರು 350ರಿಂದ 400 ಮೀಟರ್. ತಂಪು ದೇಶಗಳ ದ್ವಿತಳಿ ಗೂಡು ಬಿಳಿ, ದಪ್ಪ, ಎಳೆ ಸುಮಾರು 1,000 ಮೀಟರ್, ಸಮನಾಗಿರುತ್ತೆ, ಗಟ್ಟಿ. ಆದ್ರೆ ಆ ಹುಳು ಬಹಳ ನಾಜೂಕು.

ಪವರ್‌ಲೂಮಿನಲ್ಲಿ ಹಾಸು ಒಂದೇ ಸಮ ಎಳೆಸಿಕೊಳ್ಳುತ್ತೆ. ನೂಲು ಎಲ್ಲಾದ್ರೂ ಸಣ್ಣ ಆಗಿದ್ರೆ ಅಲ್ಲೇ ಕಟ್. ಮಗ್ಗ ನಿಲ್ಲಿಸಬೇಕು, ಎಳೆ ಹುಡುಕಬೇಕು, ಗಂಟು ಹಾಕಬೇಕು. ಅದಕ್ಕೇ ನಮ್ಮ ಕಡೆ ನೇಕಾರರಲ್ಲಿ ಒಂದು ರೂಢಿ ಬಂತು: ಹಾಸಿಗೆ ಚೈನಾ ರೇಷ್ಮೆ, ಹೊಕ್ಕಿಗೆ ನಮ್ಮ ರೇಷ್ಮೆ. ನಮ್ಮಿಂದ ಎರಡು ಗಂಟೆ ದಾರಿಯೊಳಗೆ ಶಿಡ್ಲಘಟ್ಟ ಇದೆ, ವಿಜಯಪುರ ಇದೆ, ರೇಷ್ಮೆಯ ಸೀಮೆ. ಆದ್ರೂ ಯಲಹಂಕದ ಮಗ್ಗದ ಹಾಸಿಗೆ ನೂಲು ಸಮುದ್ರ ದಾಟಿ ಬರಬೇಕು. ಇಲ್ಲಿ ರೈತನ ಹಿತ ಬೇರೆ, ನೇಕಾರನ ಹಿತ ಬೇರೆ. ಅಗ್ಗದ ಚೀನಾ ನೂಲಿನ ಮೇಲೆ 2003ರಲ್ಲಿ ಕೇಂದ್ರ ಸರ್ಕಾರ ಆಂಟಿ-ಡಂಪಿಂಗ್ ಸುಂಕ ಹಾಕಿದಾಗ ಗೂಡು ಬೆಳೆಯೋರು ಉಸಿರಾಡಿದ್ರು, ನೂಲು ಕೊಳ್ಳೋ ನೇಕಾರರು ತಲೆ ಮೇಲೆ ಕೈ ಹೊತ್ಕೊಂಡ್ರು.

ಈ ಗಂಟು ಬಿಚ್ಚೋ ದಾರಿ ಒಂದೇ. ಗಟ್ಟಿ ಬಿಳಿ ಗೂಡು ಇಲ್ಲೇ ಬೆಳೀಬೇಕು. ಅದಕ್ಕೆ 1991ರಲ್ಲಿ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದ್ರೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಜೊತೆ ಕೈಜೋಡಿಸಿತು. ಮೂರು ಹಂತಗಳಲ್ಲಿ 2007ರವರೆಗೆ, ಹದಿನಾರು ವರ್ಷ ನಡೀತು. ಜಪಾನಿನ ತಜ್ಞರು ಇಲ್ಲಿಗೆ ಬಂದು ಇದ್ರು, ಇಲ್ಲಿಯ ವಿಜ್ಞಾನಿಗಳು ಸಣ್ಣ ಸಣ್ಣ ತಂಡಗಳಲ್ಲಿ ಜಪಾನಿಗೆ ತರಬೇತಿಗೆ ಹೋದ್ರು. ಜಪಾನಿ ತಳಿಗಳಿಂದ ಆಯ್ದು ನಮ್ಮ ಹವೆಗೆ ಒಗ್ಗೋ ಹಾಗೆ ಸಿಎಸ್‌ಆರ್-2, ಸಿಎಸ್‌ಆರ್-4 ಅನ್ನೋ ತಳಿಗಳನ್ನ ಮೈಸೂರಲ್ಲಿ ಮಾಡಿದ್ರು. ಅದೇ ಸಂಸ್ಥೆಯಿಂದ ವಿ-1 ಅನ್ನೋ ಹಿಪ್ಪುನೇರಳೆ ಬಂತು. ಹುಳುಮನೆ ವಾಸದ ಮನೆಯಿಂದ ಬೇರೆ ಇರಬೇಕು, ಬೆಳೆಗೆ ಮೊದಲು ಸೋಂಕು ತೊಳೀಬೇಕು, ಎಲೆ ಬಿಡಿಸೋ ಬದಲು ರೆಂಬೆ ಸಮೇತ ಮೇವು ಹಾಕಬೇಕು, ಮರಿಹುಳುವನ್ನ ಚಾಕಿ ಕೇಂದ್ರದಲ್ಲಿ ಬೆಳೆಸಿ ಆಮೇಲೆ ರೈತನಿಗೆ ಕೊಡಬೇಕು, ಇಂಥ ಪದ್ಧತಿಗಳು ಹಳ್ಳಿಗಳಿಗೆ ಹೋದ್ವು. ಇವತ್ತು ಜಿಕೆವಿಕೆ ಕೃಷಿ ಮೇಳಕ್ಕೆ ಹೋದ್ರೆ ರೇಷ್ಮೆ ವಿಭಾಗದ ಮಳಿಗೆಯಲ್ಲಿ ಹೇಳೋದು ಇದನ್ನೇ. ಹೆಬ್ಬಾಳದಲ್ಲಿ ಕೃಷಿ ಸಂಶೋಧನೆ 1899ರಿಂದ ಇದೆ ಅನ್ನೋದೂ ನಿಮಗೆ ಗೊತ್ತಿರಲಿ.

ಒಂದು ವಿಚಿತ್ರ ನೋಡಿ. ಜಪಾನ್ ನಮಗೆ ಇದನ್ನ ಕಲಿಸೋ ಹೊತ್ತಿಗೆ ಅಲ್ಲೇ ರೇಷ್ಮೆ ಸಾಕಣೆ ಮುಗೀತಾ ಬಂದಿತ್ತು. ಆ ತೊಮಿಯೋಕ ಗಿರಣಿ 1987ರಲ್ಲಿ ಬಾಗಿಲು ಹಾಕಿತು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅದು ಟಿಕೆಟ್ ತಗೊಂಡು ನೋಡೋ ಜಾಗ. ಇವತ್ತು ಜಪಾನಿನ ಕಿಮೋನೋಗಳಿಗೆ ಬಳಸೋ ರೇಷ್ಮೆಯಲ್ಲಿ ಬಹುಪಾಲು ಹೊರದೇಶದ್ದು. ಭಾರತ ಚೀನಾ ಬಿಟ್ರೆ ಜಗತ್ತಿನ ಎರಡನೇ ದೊಡ್ಡ ರೇಷ್ಮೆ ಉತ್ಪಾದಕ, ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕವೇ ಮುಂದು.

ಹಾಗಾದ್ರೆ ನಮ್ಮ ಪ್ರಶ್ನೆ

ಈ ಐದೂ ತಂಡಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡಿದ್ದು ಇಷ್ಟು. ಹೋದವರ ಸಂಖ್ಯೆ ಯಾವತ್ತೂ ಸಣ್ಣದೇ. ಕಲಿತಿದ್ದು ಊರಲ್ಲಿ ಬೇರು ಬಿಟ್ಟಿದ್ದು ಮಾತ್ರ ಎರಡು ಕಾರಣಕ್ಕೆ. ಹೋದವರಿಗೆ ಹೋಗೋ ಮುಂಚೆನೇ ಆ ಕೆಲಸದ ಒಂದು ಸಮಸ್ಯೆ ಕೈಯಲ್ಲಿತ್ತು: ಗಿರಾಕಿ ಹೋದ ಕೇರಿ, ಸಾಯೋ ಹುಳು, ಕಿತ್ತುಹೋಗೋ ನೂಲು. ಎರಡನೇದು, ಅವರು ವಾಪಸ್ ಬಂದ ಕಡೆ ಒಂದು ಮಗ್ಗವೋ, ಒಂದು ಗಿರಣಿಯೋ, ಒಂದು ಹುಳುಮನೆಯೋ ಕಾಯ್ತಾ ಇತ್ತು. ಅಪ್ಪನ ಪ್ರಶ್ನೆಯ ಅರ್ಥ ನನಗೆ ಆಗ ಆಯ್ತು. ನನಗೋಸ್ಕರ ಮಗ್ಗ ಕಾಯ್ತಾ ಇದೆ, ಒಂದಲ್ಲ ಎರಡು. ಸಮಸ್ಯೆ ಏನು ಅಂತಾನೇ ನನಗೆ ಗೊತ್ತಿಲ್ಲ, ಯಾಕಂದ್ರೆ ಕಿತ್ತುಹೋದ ಎಳೆ ಕಟ್ಟೋಕೆ ನನಗೆ ಬರಲ್ಲ.

ಒಂದು ಭಾನುವಾರ ಟಾಟಾ ಸಿಲ್ಕ್ ಫಾರ್ಮ್ ನೋಡ್ಕೊಂಡು ಬರೋಣ ಅಂತ ಹೋದೆ. ಬಸ್ ಸ್ಟಾಪಿಗೆ ಇವತ್ತಿಗೂ ಅದೇ ಹೆಸರು. ಸುತ್ತ ಮನೆ, ಅಂಗಡಿ, ದರ್ಶಿನಿ. ಒಂದು ಹಿಪ್ಪುನೇರಳೆ ಗಿಡ ಕಣ್ಣಿಗೆ ಬೀಳಲಿಲ್ಲ. ಅಲ್ಲೇ ಕಾಫಿ ಕುಡಿದು, ಮೆಟ್ರೋ ಹತ್ತಿ ಮೊದಲ ಸಲ ಕೊನೇ ನಿಲ್ದಾಣದವರೆಗೂ ಹೋದೆ. ತಲಘಟ್ಟಪುರದ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಆ ನಿಲ್ದಾಣದ ಹೆಸರು ಅದರಿಂದ ಬಂದಿದ್ದು. ಭಾನುವಾರ ಆಗಿದ್ದರಿಂದ ಗೇಟು ಹಾಕಿತ್ತು. ಹೊರಗಿಂದ ನೋಡಿ ಬಂದೆ.

ಗೆಳತಿ ಜಪಾನಿಗೆ ಹೋದಳು. ನಾನು ಹೋಗಲಿಲ್ಲ. ಬಂದ ಮೇಲೆ ಅವಳು ಕಟ್ಟಿ ನೀಲಿಗೆ ಅದ್ದಿದ ಒಂದು ಬಟ್ಟೆ ಹಿಡ್ಕೊಂಡು ನಮ್ಮನೆಗೆ ಬಂದಳು. ಅಪ್ಪ ಅದನ್ನ ಕೈಗೆ ತಗೊಂಡು ಮೊದಲು ಹಿಂದೆ ತಿರುಗಿಸಿ ನೋಡಿದ್ರು. ನೇಕಾರರು ಯಾವಾಗಲೂ ಹಿಂಭಾಗನೇ ನೋಡೋದು, ಕೆಲಸದ ಹುಳುಕು ಅಲ್ಲೇ ಸಿಗೋದು. "ಎಷ್ಟು ದಿನ ಹಿಡೀತಮ್ಮಾ?" ಅಂದ್ರು. ಈ ಸಣ್ಣ ತುಂಡಿಗೆ ಎರಡು ದಿನ ಅಂಕಲ್, ಒಂದು ಪೂರ್ತಿ ಕಿಮೋನೋಗೆ ತಿಂಗಳುಗಟ್ಟಲೆ ಬರೀ ಕಟ್ಟೋದೇ ಇರುತ್ತಂತೆ ಅಂದಳು. ಅರಿಮಾತ್ಸು ಊರು 1608ರಲ್ಲಿ ಹೊರಗಿಂದ ಬಂದು ನೆಲೆಸಿದ ಎಂಟು ಮನೆಗಳಿಂದ ಶುರುವಾಯ್ತಂತೆ, ಅಲ್ಲಿಯ ಟಕೇದ ಶೋಕುರೋ ಅನ್ನೋನು ನಗೋಯ ಕೋಟೆ ಕಟ್ಟೋಕೆ ಬಂದಿದ್ದ ಬೇರೆ ಸೀಮೆಯ ಕೂಲಿಗಳ ಬಟ್ಟೆ ನೋಡಿ ಈ ಕೆಲಸ ಕಲಿತನಂತೆ ಅಂತಾನೂ ಹೇಳಿದಳು. ಅಪ್ಪ ತಲೆ ಆಡಿಸಿದ್ರು. ಆಮೇಲೆ ಕೇಳಿದ್ರು: "ಅಲ್ಲಿಯೋರು ಯಾರಾದ್ರೂ ಇಲ್ಲಿಗೆ ಕಲಿಯೋಕೆ ಬರ್ತಾರಾ?"

ಅವಳೂ ಸುಮ್ಮನಾದಳು, ನಾನೂ.

ಅವತ್ತಿಂದ ಭಾನುವಾರ ಬೆಳಗ್ಗೆ ಎರಡು ಗಂಟೆ ನಾನು ಶೆಡ್ಡಲ್ಲಿರ್ತೀನಿ. ಮೊದಲ ಪಾಠ, ಕಿತ್ತುಹೋದ ಹಾಸಿನ ಎಳೆ ಹುಡುಕಿ ಗಂಟು ಹಾಕೋದು. ಅಪ್ಪನಿಗೆ ನಾಲ್ಕೈದು ಸೆಕೆಂಡಿನ ಕೆಲಸ. ನನ್ನ ಗಂಟು ಮೊದಲ ತಿಂಗಳು ಹಣಿಗೆಗೆ ಸಿಕ್ಕಿ ಪಕ್ಕದ ಎಳೆಗಳನ್ನೂ ಕಿತ್ತುಹಾಕ್ತಿತ್ತು. "ಹೆಂಗೆ ಮಾಡ್ತೀರಾ ಹೇಳಿ" ಅಂದ್ರೆ, "ನನ್ನ ಬಾಯಿ ನೋಡ್ಬೇಡ, ಕೈ ನೋಡು" ಅಂತಾರೆ. ಫೋನಲ್ಲಿ ವಿಡಿಯೋ ಮಾಡ್ಕೊಂಡು ನಿಧಾನ ಮಾಡಿ ನೋಡಿದೆ, ಬರಲಿಲ್ಲ. ಪಕ್ಕದಲ್ಲಿ ನಿಂತು ನೋಡಿದ್ಮೇಲೆ ಸ್ವಲ್ಪ ಬಂತು. ಎರಡು ತಿಂಗಳಾದ್ಮೇಲೆ ಒಂದು ಮುಖ್ಯ ವಿಷಯ ಕೇಳೋ ಧೈರ್ಯವೂ ಬಂತು: ಇಲ್ಲಿಯ ದ್ವಿತಳಿ ನೂಲನ್ನೇ ಹಾಸಿಗೆ ಹಾಕಿ ನೋಡಿದ್ರೆ? ಮೆಷಿನ್ನಲ್ಲಿ ಬಿಚ್ಚಿದ್ದು ಈಗ ಚೆನ್ನಾಗಿ ಬರ್ತಿದೆ, ಒಂದು ಹಾಸಿಗೆ ಹಾಕಿ ನೋಡೋಣ ಅಂದಿದ್ದಾರೆ. ಲೆಕ್ಕ ನಾನು ಬರೀತಿದ್ದೀನಿ: ದಿನಕ್ಕೆ ಎಷ್ಟು ಸಲ ಕಿತ್ತುಹೋಯ್ತು, ಎಷ್ಟು ಹೊತ್ತು ಮಗ್ಗ ನಿಂತಿತು, ಕೆಜಿಗೆ ಎಷ್ಟು ವ್ಯತ್ಯಾಸ. ನನ್ನ ಬಿಕಾಂ ಈ ಶೆಡ್ಡಿಗೆ ಉಪಯೋಗಕ್ಕೆ ಬಂದಿದ್ದು ಇದೇ ಮೊದಲು.

ಎರಡರಲ್ಲಿ ಒಂದು ಮಗ್ಗ ಕೇಳ್ಕೊಂಡು ಒಬ್ಬರು ಬಂದು ಹೋಗಿದ್ದಾರೆ. ದೀಪಾವಳಿ ಕಳೀಲಿ ನೋಡೋಣ ಅಂದಿದ್ದಾರೆ ಅಪ್ಪ. ಹೋದ ವಾರ ಗೆಳತಿ ಇನ್ನಿಬ್ಬರನ್ನ ಕರ್ಕೊಂಡು ಶೆಡ್ಡಿಗೆ ಬಂದಿದ್ದಳು, ಕಲಿಯೋಕೆ. ಒಟ್ಟು ಮೂರು ಜನ. ಅಪ್ಪ ಮೂವರಿಗೂ ಕಂಡಿಕೆ ಸುತ್ತೋ ಕೆಲಸ ಕೊಟ್ಟು ಕೂರಿಸಿದ್ರು.

ಇವತ್ತಿಗೆ ಇಷ್ಟೇ. ನಿಮ್ಮನೆಯಲ್ಲಿ ಮಗ್ಗ ಇದ್ದಿದ್ರೆ, ಗೂಡು ಬೆಳೀತಿದ್ರೆ, ಇಲ್ಲಾ ತಾತನೋ ಅಜ್ಜಿನೋ ಚರಕದಲ್ಲಿ ನೂಲು ಬಿಚ್ತಿದ್ರೆ, ಅವರ ಪಕ್ಕ ಕೂತು ಒಂದು ವಾಯ್ಸ್ ನೋಟ್ ರೆಕಾರ್ಡ್ ಮಾಡಿ ಕಳಿಸಿ. ಅವರು ಆ ಕೆಲಸ ಯಾರಿಂದ ಕಲಿತ್ರು, ಆ ಕಲಿಸಿದವರು ಎಲ್ಲಿಂದ ಕಲಿತು ಬಂದಿದ್ರು, ಅಷ್ಟು ಕೇಳಿ ಸಾಕು. ಮುಂದಿನ ಕಂತಿನಲ್ಲಿ ಸಿಗೋಣ.